ಓಬಮ್ಮನ ಗೋಡೆಗೊಂದು ಟಿವಿ

ಬನ್ನಿ, ಕೂತ್ಕೊಳ್ಳಿ, ಕಾಲು ಚಾಚಿಕೊಂಡೇ ಕೂತ್ಕೊಳ್ಳಿ. ನಿಮ್ಮೂರಲ್ಲೂ ಪೆದ್ದರಿರಬಹುದು, ಇಲ್ಲ ಅನ್ನಲ್ಲ. ಆದರೆ ನಮ್ಮ ಹಿರೇಹಟ್ಟಿಯ ತಿಪ್ಪೇಶಿಯ ಪಕ್ಕ ನಿಲ್ಲಿಸಿದರೆ ಅವರೆಲ್ಲ ಹೈಕೋರ್ಟಿನ ವಕೀಲರು! ಅಂಥ ಪೆದ್ದ ಹುಟ್ಟೋಕೂ ಊರಿಗೆ ಒಂದು ಯೋಗ್ಯತೆ ಬೇಕು ಸ್ವಾಮಿ. ನಮ್ಮೂರಿಗೆ ಅದಿತ್ತು.

ತಿಪ್ಪೇಶಿಗೆ ಇದ್ದವಳು ಅವ್ವ ಒಬ್ಬಳೇ, ಓಬಮ್ಮ. ಅವ್ವನ ಮಾತು ಅಂದರೆ ಅವನಿಗೆ ದೇವರು ನುಡಿದ ಹಾಗೆ. ‘ಬಾಗಿಲ ಮೇಲೆ ಒಂದು ಕಣ್ಣಿಟ್ಟಿರು ಮಗಾ’ ಅಂತ ಹೇಳಿ ಅವಳು ಹೊಲಕ್ಕೆ ಹೋದರೆ, ಇವನು ಬಾಗಿಲಿಗೆ ಮುಖ ಒತ್ತಿ, ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಹಲಗೆಗೆ ಅಂಟಿಸಿ, ಸಂಜೆವರೆಗೂ ನಿಂತಿದ್ದ. ಓಬಮ್ಮ ಬಂದು ಬಾಗಿಲು ತಳ್ಳಿದಾಗ ಮೂಗು ಜಜ್ಜಿಹೋಯಿತು, ಕಣ್ಣು ಮಾತ್ರ ಕದಲಲಿಲ್ಲ!

ಆ ವರ್ಷ ಓಬಮ್ಮನಿಗೆ ಒಂದೇ ಒಂದು ಆಸೆ. ಗೋಡೆಗೆ ನೇತುಹಾಕೋ ತೆಳ್ಳನೆ ಟಿವಿ ಬೇಕು. ಅವಳು ದಿನಾ ಎದುರುಮನೆ ಹೊಸ್ತಿಲ ಮೇಲೆ ಕೂತು ಧಾರಾವಾಹಿ ನೋಡುತ್ತಿದ್ದಳು. ಒಂದು ದಿನ ‘ನೆಂಟರು ಬಂದವರೆ, ಜಾಗ ಇಲ್ಲ’ ಅಂತ ಅವರು ಮುಖದ ಮೇಲೇ ಬಾಗಿಲು ಹಾಕಿಬಿಟ್ಟರು. ಅದೂ ಯಾವಾಗ? ಬರೋ ಶುಕ್ರವಾರ ಏಳು ಗಂಟೆಗೆ ಮಧುವಂತಿಯ ಮದುವೆ ಅಂತ ಧಾರಾವಾಹಿಯಲ್ಲಿ ಸಾರಿದ ಹೊತ್ತಿನಲ್ಲಿ! ಹುಡುಗಿಯ ಸೋದರಮಾವ ಅಡ್ಡ ಬಂದು ಬಂದು ವರ್ಷಗಟ್ಟಲೆ ಮುರಿದು ಮುರಿದು ಬೀಳುತ್ತಿದ್ದ ಮದುವೆ ಅದು.

‘ಆ ಹುಡುಗಿ ಕೊರಳಿಗೆ ತಾಳಿ ಬೀಳೋದನ್ನ ನನ್ನ ಸ್ವಂತ ಟಿವಿಲಿ ನೋಡದಿದ್ರೆ ನಾನು ಓಬಮ್ಮನೇ ಅಲ್ಲ!’ ಅಂತ ಎರಡು ಮೇಕೆ ಮಾರಿದಳು. ಹನ್ನೆರಡು ಸಾವಿರ ಕೈಗೆ ಬಂತು. ಬಂದ ದಿನವೇ ಬಚ್ಚಲಲ್ಲಿ ಜಾರಿ ಕಾಲು ಉಳುಕಿತು, ಪಾದ ಬಾತು ಕುಂಬಳಕಾಯಿ ಆಯಿತು. ಇನ್ನು ಪೇಟೆಗೆ ಕಳಿಸೋಣ ಅಂದರೆ ಮನೆಯಲ್ಲಿ ಇರೋನು ಯಾರು? ತಿಪ್ಪೇಶಿ!

‘ನೋಡು ಮಗಾ, ನಮ್ಮ ಹತ್ರ ಇರೋದೇ ಇಷ್ಟು. ಅಂಗಡಿಯೋನು ಏನು ಹೇಳಿದ್ರೂ ಅರ್ಧಕ್ಕೆ ಇಳಿಸು.’

‘ಆಗ್ಲವ್ವ. ಏನು ಹೇಳಿದ್ರೂ ಅರ್ಧ.’

ಪೇಟೆಯ ಟಿವಿ ಅಂಗಡಿ ಮಲ್ಲಿನಾಥಣ್ಣನದು. ಒಳ್ಳೇ ಮನುಷ್ಯ, ಮಾತುಗಾರ. ‘ಬಾರಪ್ಪ, ಟೀ ಕುಡಿ’ ಅಂದ.

‘ಅರ್ಧ!’ ಅಂದ ತಿಪ್ಪೇಶಿ.

‘ಅರ್ಧ ಲೋಟ ತಾನೇ? ಕುಡಿ. ಇದು ನೋಡು, ಮೂವತ್ತೆರಡು ಇಂಚು.’

‘ಹದಿನಾರು!’

‘ಹದಿನಾರರಲ್ಲಿ ಬರಲ್ವಲ್ಲಪ್ಪ. ಇದಕ್ಕೆ ಎರಡು ವರ್ಷ ಗ್ಯಾರಂಟಿ ಇದೆ.’

‘ಒಂದೇ ವರ್ಷಕ್ಕೆ ಕೊಡ್ತೀಯಾ?’

ಮಲ್ಲಿನಾಥಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಗ್ಯಾರಂಟಿ ಜಾಸ್ತಿಯಾಯಿತು ಅಂತ ಚೌಕಾಸಿ ಮಾಡಿದ ಗಿರಾಕಿಯನ್ನು ಅವನ ತಾತನೂ ಕಂಡಿರಲಿಲ್ಲ. ‘ಗೋಡೆಗೆ ಹಾಕೋ ಸ್ಟ್ಯಾಂಡು, ನಾಲ್ಕು ಮೊಳೆ, ಎಲ್ಲ ಪುಕ್ಕಟೆ ಕಣಪ್ಪ.’

‘ಎರಡೇ ಮೊಳೆ ಕೊಡು! ನಮ್ಮವ್ವ ಬೈತಾಳೆ!’

‘ನಾನು ಊಟಕ್ಕೆ ಹೋಗ್ತೀನಿ, ನಾಲ್ಕು ಗಂಟೆಗೆ ಬಾರಪ್ಪ ಮಾರಾಯ.’

ಎರಡು ಗಂಟೆಗೆ ಹೋದ. ಅಂಗಡಿ ಬಾಗಿಲು ಹಾಕಿತ್ತು. ವಾಪಸ್ ಬಂದ.

ಓಬಮ್ಮ ಹಣೆ ಹಣೆ ಚಚ್ಚಿಕೊಂಡಳು. ‘ಬೆಲೆ ಇಳಿಸೋ ಅಂದ್ರೆ ಟಿವಿನೇ ಇಳಿಸಿದ್ಯಲ್ಲೋ ಮಂಕೇ! ಮೊದಲು ನಮ್ಮ ಗೋಡೆಗೆ ಎಷ್ಟು ದೊಡ್ಡದು ಹಿಡಿಸುತ್ತೆ ಅಂತ ತೋರಿಸಬೇಕಿತ್ತು. ಗೋಡೆ ಅಳತೆ ತಗೊಂಡು ಹೋಗು. ದಾರಿಲಿ ಎಲ್ಲೂ ಕಳ್ಕೊಂಡು ಬರಬೇಡ!’

‘ಆಗ್ಲವ್ವ. ಕಳ್ಕೊಳ್ಳಲ್ಲ.’

ಮಾರನೆ ದಿನ ತಿಪ್ಪೇಶಿ ಗೋಡೆಗೆ ಎದೆ ಕೊಟ್ಟು ನಿಂತ. ಎರಡೂ ಕೈ ಅಗಲಿಸಿ, ಆ ಗೂಟದಿಂದ ಈ ಗೂಟದವರೆಗೆ ಅಳತೆ ಹಿಡಿದ. ಹಿಡಿದವನು ಹಿಡಿದ ಹಾಗೇ ತಿರುಗಿದ, ಹಾಗೇ ಅಡ್ಡಡ್ಡ ಬಾಗಿಲು ದಾಟಿದ, ಹಾಗೇ ಬಸ್ಸು ಹತ್ತಿದ.

‘ಕೈ ಮಡಚೋ!’ ಅಂದ ಕಂಡಕ್ಟರು.

‘ಮಡಚಿದ್ರೆ ಗೋಡೆ ಚಿಕ್ಕದಾಗುತ್ತೆ ಕಣಣ್ಣ!’

ಬಸ್ಸಲ್ಲಿ ಒಬ್ಬಳು ಅಜ್ಜಿ ‘ಪುಣ್ಯಾತ್ಮ, ಎಷ್ಟು ಚೆನ್ನಾಗಿ ಕೈ ಚಾಚಿದಾನೆ’ ಅಂತ ತನ್ನ ತರಕಾರಿ ಚೀಲ ನೇತುಹಾಕಿದಳು. ಇನ್ನೊಬ್ಬಳು ಈ ಕಡೆಯ ಕೈಗೆ ಹೂವಿನ ಬುಟ್ಟಿ ಹಾಕಿದಳು. ಇಳಿಯೋವಾಗ ಅಜ್ಜಿ ಚೀಲ ತಗೊಂಡಳು, ಹೂವಿನವಳು ಬುಟ್ಟಿ ತಗೊಂಡಳು. ತಿಪ್ಪೇಶಿಯ ಗೋಡೆ ಒಂದು ಬೆರಳಿನಷ್ಟೂ ಹೆಚ್ಚುಕಮ್ಮಿ ಆಗಲಿಲ್ಲ.

‘ನಮ್ಮ ಗೋಡೆ ಇಷ್ಟು, ದುಡ್ಡು ಹನ್ನೆರಡು ಸಾವಿರ’ ಅಂದ ತಿಪ್ಪೇಶಿ. ಮಲ್ಲಿನಾಥಣ್ಣ ಆ ಕೈಗಳನ್ನು ನೋಡಿದ. ‘ಅಯ್ಯೋ ರಾಜ, ಇಷ್ಟು ದೊಡ್ಡ ಟಿವಿ ತಗೊಂಡ್ರೆ ನೀನು ಊರನ್ನೇ ಮಾರಬೇಕು! ನಿನ್ನ ದುಡ್ಡಿಗೆ ಬರೋದು ಇಷ್ಟೇ’ ಅಂತ ಅವನ ಎರಡೂ ಕೈ ಹಿಡಿದು ಹತ್ತಿರ ಮಾಡಿದ.

ತಿಪ್ಪೇಶಿ ತನ್ನ ಕೈ ನೋಡಿಕೊಂಡ. ‘ಅಯ್ಯಯ್ಯೋ! ನಮ್ಮ ಗೋಡೆ ಕುಗ್ಗಿಸಿಬಿಟ್ಟ! ನಮ್ಮವ್ವ ಒಳಗಿದಾಳೆ! ಕಾಲು ಬೇರೆ ಚಾಚ್ಕೊಂಡವಳೆ!’ ಅಂತ ಕೂಗಿಕೊಂಡು ಓಡಿದ ನೋಡಿ, ಬಸ್ಸಿಗೂ ಕಾಯಲಿಲ್ಲ. ಊರು ಮುಟ್ಟಿದವನೇ ಒಳಗೆ ನುಗ್ಗಿ ಅವ್ವನನ್ನು ಎಳೆದು ಅಂಗಳಕ್ಕೆ ಹಾಕಿದ.

‘ಬದುಕಿದ್ಯಾ ಅವ್ವಾ?’

‘ಈಗಿನವರೆಗೂ ಬದುಕಿದ್ದೆ ಕಣೋ!’ ಓಬಮ್ಮ ಕಾಲು ಹಿಡಿದುಕೊಂಡು ಕಿರುಚಿದಳು. ‘ಗೋಡೆ ಇದ್ದಂಗೇ ಐತೆ, ನಿನ್ನ ತಲೆನೇ ಕುಗ್ಗಿರೋದು! ದೊಡ್ಡದು ಚಿಕ್ಕದು ಆಮೇಲಿರಲಿ, ದುಡ್ಡಿಗೆ ತಕ್ಕ ಗಟ್ಟಿ ಮಾಲು ಬೇಕು. ಸಂತೇಲಿ ನಾನು ಮಡಕೆ ತಗೊಳ್ಳೋವಾಗ ಹೆಂಗೆ ನೋಡಿ ತಗೊಳ್ತೀನಿ? ಹಂಗೆ ನೋಡಿ ತಗೊಂಡು ಬಾ!’

‘ಆಗ್ಲವ್ವ. ಮಡಕೆ ನೋಡಿದಂಗೆ.’

ಗುರುವಾರ. ತಿಪ್ಪೇಶಿ ಅಂಗಡಿಗೆ ಹೋದ. ಮೂವತ್ತೆರಡು ಇಂಚಿನ ಟಿವಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಬೆರಳ ಗೆಣ್ಣಿಂದ ಟಕ್ ಟಕ್ ತಟ್ಟಿದ. ಕಿವಿಗೊಟ್ಟು ಕೇಳಿದ.

‘ಠಣ್ ಅನ್ನಲ್ವಲ್ಲಣ್ಣ! ಸರಿಯಾಗಿ ಸುಟ್ಟಿಲ್ಲ ಇದು.’

‘ಸುಡೋದಾ? ಟಿವಿನಾ?’

ಬಗ್ಗಿ ತಳ ನೋಡಿದ, ಬಿರುಕಿಲ್ಲ. ಮೇಲೆ ನೋಡಿದ. ‘ಇದರ ಬಾಯಿ ಎಲ್ಲೈತಣ್ಣ?’ ಅಂದ. ಬಾಯಿ ಸಿಗಲಿಲ್ಲ, ಹಿಂಬದಿಯಲ್ಲಿ ಸಣ್ಣ ಸಣ್ಣ ಕಿಂಡಿ ಸಿಕ್ಕವು. ಮೇಜಿನ ಮೇಲಿದ್ದ ನೀರಿನ ಚೊಂಬು ಎತ್ತಿದ. ಸೋರುತ್ತೋ ಇಲ್ಲವೋ ನೋಡಬೇಡವೇ?

ಮಲ್ಲಿನಾಥಣ್ಣನಿಗೆ ಐವತ್ತೈದು ವರ್ಷ, ಮಂಡಿನೋವು. ಆದರೂ ಆವತ್ತು ಹಾರಿದ ಹಾರಾಟ ಹುಲಿಯೂ ಹಾರಲ್ಲ! ಚೊಂಬಿನ ನೀರಷ್ಟೂ ಅವನ ನೆತ್ತಿ ಮೇಲೆ. ಟಿವಿ ಮೇಲೆ ಒಂದು ಹನಿ ಬೀಳಲಿಲ್ಲ.

‘ನೀನು ಸೋರ್ತಾ ಇದೀಯ ಅಣ್ಣ’ ಅಂದ ತಿಪ್ಪೇಶಿ.

‘ಆಚೆ ನಡಿ!’

ಬರಿಗೈಯಲ್ಲಿ ಬಂದ ಮಗನನ್ನು ನೋಡಿ ಓಬಮ್ಮನಿಗೆ ಅಳು ಬಂತು. ಬೆಳಗಾದರೆ ಶುಕ್ರವಾರ! ‘ಅದು ಗಾಜು ಕಣಪ್ಪ, ನೀರು ತಾಗಿದ್ರೆ ಸತ್ತೇಹೋಗುತ್ತೆ. ನಾಳೆ ಒಂದೇ ದಿನ ಉಳಿದಿರೋದು. ದುಡ್ಡು ಕೊಡು, ಅವನು ಕೊಟ್ಟಿದ್ದು ತಗೋ, ಎಳೇ ಕೂಸನ್ನ ತರ್ತಾರಲ್ಲ, ಹಂಗೆ ಜೋಪಾನವಾಗಿ ತಗೊಂಡು ಬಾ!’

‘ಆಗ್ಲವ್ವ. ಎಳೇ ಕೂಸು.’

ಮಲ್ಲಿನಾಥಣ್ಣ ದೂರದಿಂದಲೇ ದುಡ್ಡು ತಗೊಂಡ. ದೂರದಿಂದಲೇ ಟಿವಿ ತಳ್ಳಿದ. ‘ಗೋಡೆಗೆ ಹಾಕೋನು ಮಧ್ಯಾಹ್ನ ಬರ್ತಾನೆ, ನೀನು ಮಾತ್ರ ಇನ್ನು ಬರಬೇಡ ನನ್ನಪ್ಪ’ ಅಂತ ಕೈ ಮುಗಿದ.

ಉಸಿರು ಕಟ್ಟುತ್ತೆ ಅಂತ ತಿಪ್ಪೇಶಿ ಡಬ್ಬ ಬಿಚ್ಚಿ ಎಸೆದ. ಟಿವಿಗೆ ತನ್ನ ಹೆಗಲ ಮೇಲಿನ ಪಂಚೆ ಸುತ್ತಿದ. ಬಸ್ಸಲ್ಲಿ ಅದಕ್ಕೂ ಅರ್ಧ ಟಿಕೆಟ್ ತಗೊಂಡ. ಭುಜಕ್ಕೆ ಒರಗಿಸಿಕೊಂಡು ಬೆನ್ನು ತಟ್ಟಿದ. ಪಕ್ಕದಲ್ಲಿ ಕೂತಿದ್ದ ಹೆಂಗಸು ‘ಎಷ್ಟು ತಿಂಗಳಣ್ಣ?’ ಅಂದಳು.

‘ಈಗ ತಾನೇ ಅಂಗಡಿಯಿಂದ ಆಚೆ ಬಂತು ಕಣಕ್ಕ.’

ಅವಳು ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದಳು. ಊರ ಬಾಗಿಲಲ್ಲಿ ಇಳಿಯೋವಾಗ ತಿಪ್ಪೇಶಿಗೆ ನೆನಪಾಯಿತು, ಕೂಸಿಗೆ ದೃಷ್ಟಿ ಆಗುತ್ತೆ! ಯಾರದೋ ಮನೆಯಿಂದ ಕಾಡಿಗೆ ಇಸಿದುಕೊಂಡು, ಪರದೆಯ ನಟ್ಟನಡುವೆ ರೂಪಾಯಿ ಅಗಲದ ಬೊಟ್ಟು ಇಟ್ಟ.

ಒಳಗಿನ ಕೋಣೆಯಲ್ಲಿ ಮಂಚದ ಮೇಲಿದ್ದ ಓಬಮ್ಮ ಸೆರಗಲ್ಲಿ ಬೊಟ್ಟು ಉಜ್ಜಿ ಉಜ್ಜಿ ತೆಗೆದಳು. ‘ದೃಷ್ಟಿ ಬೊಟ್ಟು ಯಾಕೋ, ದಡ್ಡ ಮುಂಡೇದೇ! ನಾಲ್ಕು ಜನ ನೋಡ್ಲಿ ಅಂತಲೇ ತರಿಸಿದ್ದು! ಬೀದಿಯೋರೆಲ್ಲ ಕಣ್ಣುಕಣ್ಣು ಬಿಟ್ಟು ನೋಡಬೇಕು, ಹಂಗೆ ಹಾಕಿಸು ಹೋಗು!’

‘ಆಗ್ಲವ್ವ. ಬೀದಿಯೋರೆಲ್ಲ.’

ಮಧ್ಯಾಹ್ನ ಫಿಟ್ಟಿಂಗಿನವನು ಬಂದ. ಗೊರ್ರ್ ಅಂತ ಗೋಡೆ ಕೊರೆದ. ಓಬಮ್ಮ ಮಲಗಿದಲ್ಲೇ ಆ ಸದ್ದಿಗೆ ನಾದಸ್ವರ ಕೇಳಿದಷ್ಟು ಹಿಗ್ಗಿದಳು. ಕೇಬಲ್ಲೂ ಎಳೆದಾಯಿತು. ಏಳಕ್ಕೆ ಹತ್ತು ನಿಮಿಷ ಇರುವಾಗ ಗೋಡೆ ಹಿಡಿದುಕೊಂಡು, ಕುಂಟಿಕೊಂಡು ಮುಂದಿನ ಕೋಣೆಗೆ ಬಂದಳು.

ಗೋಡೆ ಬೋಳು. ಟಿವಿ ಇಲ್ಲ! ಸದ್ದು ಮಾತ್ರ ಗೋಡೆಯೊಳಗಿಂದ ಬರ್ತಾ ಇದೆ!

‘ಲೇ ತಿಪ್ಪೇಶಿ! ಟಿವಿ ಎಲ್ಲೋ?’

‘ಆಚೆ ಗೋಡೆ ಮೇಲೆ ಕಣವ್ವ! ಬೀದಿಯೋರೆಲ್ಲ ಕಣ್ಣುಕಣ್ಣು ಬಿಟ್ಟವರೆ! ನಿನಗೆ ಕೇಳಿಸ್ತಿದೆಯಾ?’

ಇಣುಕಿ ನೋಡಿದರೆ ಜಾತ್ರೆಗಿಂತ ಜೋರು! ಹಿರೇಹಟ್ಟಿಗೆ ಹಿರೇಹಟ್ಟಿಯೇ ಬೀದಿಯಲ್ಲಿ ಚಾಪೆ ಹಾಸಿ ಕೂತಿದೆ. ಬಯ್ಯೋದಕ್ಕೆ ಹೊತ್ತೆಲ್ಲಿದೆ? ‘ನನ್ನ ಎತ್ಕೊಂಡು ಹೋಗ್ರೋ!’ ಅಂದಳು ಓಬಮ್ಮ. ನಾಲ್ಕು ಜನ ಒಳಗಿನ ಮಂಚ ತಂದು, ಅವಳನ್ನು ಕೂರಿಸಿ, ಮಂಚದ ಸಮೇತ ಎತ್ತಿ ಟಿವಿ ಎದುರಿಗೆ ಇಳಿಸಿದರು. ತಿಪ್ಪೇಶಿಯ ಕಿವಿ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು: ‘ಇನ್ನು ನಿನ್ನ ಬುದ್ಧಿ ಓಡಿಸಲೇಬೇಡ. ನನ್ನ ಬಾಯಿಂದ ಮಾತು ಬಿದ್ದ ತಕ್ಷಣ ಮಾಡು, ಅಷ್ಟೇ!’

‘ಆಗ್ಲವ್ವ. ಬಿದ್ದ ತಕ್ಷಣ.’

ಏಳು ಗಂಟೆ. ಮಂಟಪ ಬಂತು, ಮಧುವಂತಿ ಬಂದಳು, ಹುಡುಗ ತಾಳಿ ಕೈಗೆ ತಗೊಂಡ. ಓಬಮ್ಮನ ಕಣ್ಣಲ್ಲಿ ನೀರು. ಗಟ್ಟಿಮೇಳ! ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ನುಗ್ಗಿದ ನೋಡಿ, ಆ ಹಾಳು ಸೋದರಮಾವ!

ಓಬಮ್ಮ ಮೈಮರೆತಳು. ಮಂಚದ ಮೇಲೆ ಎದ್ದು ಕೂತು ಕೂಗಿದಳು: ‘ತಡೀರೋ ಅವನನ್ನ! ಹಿಡ್ಕೊಳ್ಳೋ! ಯಾರು ಕಾಲಿಗೆ ಬಿದ್ರೂ ಬಿಡಬೇಡ!’

ಮಾತು ಬಿತ್ತು. ತಿಪ್ಪೇಶಿ ಎದ್ದ. ಒಂದೇ ನೆಗೆತಕ್ಕೆ ಕಿಟಕಿಯ ಹತ್ತಿರ ಹೋಗಿ, ಒಳಗೆ ಕೈ ಹಾಕಿ, ಟಿವಿಯ ಪ್ಲಗ್ಗು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡ. ಟಿವಿ ಕಪ್ಪಾಯಿತು.

‘ತಡೆದೆ ಕಣವ್ವಾ! ಒಳಗೇ ಸಿಕ್ಕಾಕೊಂಡ!’

ಬೀದಿಗೆ ಬೀದಿಯೇ ಹೋ ಅಂತು. ‘ಹಾಕೋ ಪ್ಲಗ್ಗು!’

‘ಹಾಕಲ್ಲ! ಹಾಕಿದ್ರೆ ಆಚೆ ಬರ್ತಾನೆ, ಮದುವೆ ಕೆಡಿಸ್ತಾನೆ!’

ಗೌಡರು ಬಂದು ಕಾಲಿಗೆ ಬಿದ್ದರು, ಬಿಡಲಿಲ್ಲ. ಪೂಜಾರಪ್ಪ ಬಿದ್ದ, ಬಿಡಲಿಲ್ಲ. ಹೆಂಗಸರು ಸಾಲಾಗಿ ಬಿದ್ದರು, ಮುಷ್ಟಿ ಇನ್ನೂ ಬಿಗಿ ಮಾಡಿದ. ಕೊನೆಗೆ ಓಬಮ್ಮ ಮಂಚದಿಂದ ಇಳಿದು ತೆವಳಿಕೊಂಡು ಬಂದಳು. ‘ನನ್ನಪ್ಪಾ, ನಿನ್ನ ಹೆತ್ತ ತಾಯಿ ನಾನು, ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಬಿಡೋ! ತಾಳಿ ಕಟ್ಟೋದು ಮುಗಿದೇ ಹೋಗುತ್ತೆ!’

ತಿಪ್ಪೇಶಿ ಪ್ಲಗ್ಗನ್ನು ಎದೆಗೆ ಒತ್ತಿಕೊಂಡು, ಅವ್ವನ ಕಡೆ ಒಂದು ಜಾಣ ನಗೆ ನಕ್ಕ.

‘ಬಿಡಲ್ಲ ಹೋಗವ್ವಾ! ಯಾರು ಬಿದ್ರೂ ಅಂದ್ರೆ ನೀನೂ ಸೇರಿದೆ!’