ಯಾರ ಮನೆಯ ನೆಂಟ?

ಭೂಮಿ ಇನ್ನೂ ಹೊಸದು. ಬೆಟ್ಟಗಳ ಬಿಸಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ತಿಳಿಯದ ಹೊಳೆ ಎದುರಿಗೆ ಸಿಕ್ಕವರನ್ನೆಲ್ಲ ದಾರಿ ಕೇಳುತ್ತಿತ್ತು. ಆಗ ಆ ಹೊಳೆಯ ದಂಡೆಯಲ್ಲಿ ಒಂದು ಹುಣಸೆಮರವಿತ್ತು. ಒಂದು ಮರವೇ ಒಂದು ಕೇರಿ.

ಮೇಲಿನ ಪೊಟರೆಯಲ್ಲಿ ಬಾಗಿದ ದೊಡ್ಡ ಕೊಕ್ಕಿನ ಮಂಗಟ್ಟೆ ಗೌಡರು. ಅವರ ಕೆಳಗೆ ಗೊರವಂಕ. ಪಕ್ಕದ ಕವಲಿನಲ್ಲಿ ಬೆಳವ. ಎಲೆಗಳ ಮರೆಯಲ್ಲಿ ಪಿಕಳಾರಮ್ಮ. ಕಾಂಡದ ಬಿರುಕಿನಲ್ಲಿ ಅಳಿಲು. ಎಲ್ಲರಿಗಿಂತ ಕೆಳಗೆ, ನೆಲಕ್ಕೆ ಬಾಗಿದ ಕೊಂಬೆಯಲ್ಲಿ ಬೂದವ್ವ.

ಬೂದವ್ವ ಮಣ್ಣಿನ ಬಣ್ಣದ ಹಕ್ಕಿ. ಕೆದರಿದ ಗರಿ, ಉದ್ದನೆ ಬಾಲ. ಬಟ್ಟಲಿನಂಥ ಗೂಡಿನಲ್ಲಿ ಮೂರು ಮರಿಗಳು.

ಆ ಕೇರಿಗೊಂದು ಮರ್ಯಾದೆ ಇತ್ತು. ಬಂದ ನೆಂಟನನ್ನು ‘ಯಾರು, ಯಾಕೆ ಬಂದೆ’ ಎಂದು ಕೇಳಬಾರದು. ಪಕ್ಕದ ಮನೆಯ ನೆಂಟನನ್ನಂತೂ ಕೇಳಲೇಬಾರದು.

ಒಂದು ದಿನ ಹೊಸಬನೊಬ್ಬ ಬಂದು ನಡುಕೊಂಬೆಯಲ್ಲಿ ಕೂತ. ಎದೆಯ ಮೇಲೆ ಪಟ್ಟೆ ಪಟ್ಟೆ ಶಲ್ಯ. ಹಳದಿ ಕಾಲು. ಮೆತ್ತನೆ ದನಿ.

“ಎಲ್ಲ ಸೌಖ್ಯವೇ?” ಎಂದ.

“ಸೌಖ್ಯ, ಸೌಖ್ಯ,” ಎಂದರು ಎಲ್ಲರೂ. ಯಾರದೋ ಮನೆಯ ನೆಂಟ ಎಂದುಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಅವತ್ತು ಪಿಕಳಾರಮ್ಮನ ಒಂದು ಮರಿ ಕಾಣೆಯಾಯಿತು. ಎರಡು ದಿನ ಕಳೆದು ಬೆಳವನ ಮರಿ ಕಾಣೆಯಾಯಿತು.

“ಗಾಳಿ ಬೀಳಿಸಿರಬೇಕು,” ಎಂದಿತು ಕೇರಿ.

ಗಾಳಿಗೆ ಸಿಟ್ಟು ಬಂತು. “ನಾನು ಗೂಡು ಅಲುಗಿಸಿದ್ದುಂಟು, ಮರಿ ತಿಂದದ್ದಿಲ್ಲ. ನನಗೆ ಹೊಟ್ಟೆಯೇ ಇಲ್ಲವಲ್ಲ!”

ಗಾಳಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಗ್ಗೆ ಬೂದವ್ವ ಹುಳು ಹಿಡಿದು ಗೂಡಿಗೆ ಬಂದಳು. ಮೂರು ಕೊಕ್ಕು ತೆರೆಯಬೇಕಿತ್ತು. ಎರಡೇ ತೆರೆದವು.

ಬೂದವ್ವ ಅಳಲಿಲ್ಲ. ಅಳುವುದಕ್ಕೆ ಆಮೇಲೆ ಹೊತ್ತಿದೆ ಎಂದುಕೊಂಡಳು. ಮೊದಲು ನೆನಪು ಮಾಡಿಕೊಂಡಳು. ಪಿಕಳಾರಮ್ಮನ ಮರಿ ಹೋದ ದಿನ ನಡುಕೊಂಬೆಯಲ್ಲಿ ನೆಂಟ ಕೂತಿದ್ದ. ಬೆಳವನ ಮರಿ ಹೋದ ದಿನವೂ ಕೂತಿದ್ದ. ಇವತ್ತೂ ಕೂತಿದ್ದ. ಅವನು ಬಾರದ ದಿನ ಯಾವ ಮನೆಯ ಮರಿಯೂ ಹೋಗಿರಲಿಲ್ಲ.

ಅವಳು ಒಂದೊಂದೇ ಮನೆಗೆ ಹೋದಳು. ಒಂದೇ ಪ್ರಶ್ನೆ ಕೇಳಿದಳು.

“ಪಿಕಳಾರಮ್ಮ, ಅವನು ಯಾರ ಮನೆಯ ನೆಂಟ?”

“ಬೆಳವನ ಕಡೆಯವನಲ್ವಾ? ಮಾತು ಎಷ್ಟು ಮೆತ್ತಗಿದೆ ನೋಡು.”

“ಬೆಳವಣ್ಣ, ಅವನು ಯಾರ ಮನೆಯ ನೆಂಟ?”

“ನಮ್ಮ ವಂಶದಲ್ಲಿ ಅಂಥ ಉಗುರು ಯಾರಿಗಿದೆ ತಾಯಿ? ಗೊರವಂಕನ ಭಾವ ಅಂದುಕೊಂಡಿದ್ದೆ. ಕಾಲು ಹಳದಿ ಇದೆಯಲ್ಲ!”

“ಗೊರವಂಕಣ್ಣ, ಅವನು ಯಾರ ಮನೆಯ ನೆಂಟ?”

“ಕಾಲು ಹಳದಿ ಇದ್ದವರೆಲ್ಲ ನನ್ನ ಭಾವಂದಿರಾ? ಗೌಡರ ಮನೆಗೆ ಬಂದವನು ಅವನು. ದೊಡ್ಡವರ ಮನೆಗೆ ದೊಡ್ಡವರೇ ಬರೋದು.”

ಬೂದವ್ವ ಮೇಲಿನ ಪೊಟರೆಗೆ ಹೋದಳು.

“ನನ್ನ ನೆಂಟನಲ್ಲ,” ಎಂದರು ಮಂಗಟ್ಟೆ ಗೌಡರು. “ಆದರೆ ಯಾರದೋ ನೆಂಟ.”

“ಯಾರದು?”

“ಯಾರದೋ.”

“ಎಲ್ಲರ ಮನೆಗೂ ಹೋಗಿ ಬಂದೆ ಗೌಡರೇ. ಅವನು ಯಾರ ನೆಂಟನೂ ಅಲ್ಲ.”

ಗೌಡರ ಕೊಕ್ಕು ಕೆಂಪಾಯಿತು. “ಏ ಹರಟೆಮಲ್ಲಿ, ಬಾಯಿ ಮುಚ್ಚು! ಕೇರಿಯ ಮರ್ಯಾದೆ ಕಳೆಯಬೇಡ. ಭಯವಾದರೆ ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಒಳಗಿರು. ನನ್ನ ಹೆಂಡತಿಯನ್ನು ನೋಡಿ ಕಲಿ. ಒಂದು ಸೀಳು ಬಿಟ್ಟು ಎಲ್ಲ ಮುಚ್ಚಿಕೊಂಡಿದ್ದಾಳೆ.”

“ನನ್ನ ಗೂಡಿಗೆ ಬಾಗಿಲೇ ಇಲ್ಲ ಗೌಡರೇ. ಮಣ್ಣು ಎಲ್ಲಿಗೆ ಮೆತ್ತಲಿ?”

ಪೊಟರೆಯ ಸೀಳಿನಿಂದ ಗೌಡತಿಯ ದನಿ ಬಂತು. “ಅವಳು ಹೇಳೋದು ಸರಿ ಕಣ್ರೀ. ಒಳಗೆ ಕೂತವರಿಗೆ ಹೊರಗೆ ಯಾರು ಬಂದರು ಅಂತ ಏನು ಕಾಣುತ್ತೆ, ಮಣ್ಣು?”

ಮರುದಿನ ಹೊತ್ತೇರುವಾಗ ನೆಂಟ ಬಂದ.

ಬೂದವ್ವ ಎಲ್ಲರಿಗೂ ಕೇಳುವಂತೆ ಕೂಗಿದಳು. “ನೀನು ಯಾರ ಮನೆಯ ನೆಂಟ?”

ಕೇರಿಗೆ ನಾಚಿಕೆಯಾಯಿತು. ಬೆಳವ ಮುಖ ತಿರುಗಿಸಿದ. ಪಿಕಳಾರಮ್ಮ “ಅಯ್ಯೋ” ಎಂದಳು.

ನೆಂಟ ಮೆಲ್ಲಗೆ ಇಳಿದು ಬೂದವ್ವನ ಕೊಂಬೆಗೆ ಬಂದ. ಹತ್ತಿರದಿಂದ ನೋಡಿದರೆ ಅದು ಶಲ್ಯವಲ್ಲ, ಗರಿ. ಮೆತ್ತನೆ ದನಿಯ ಕೆಳಗೆ ಕೊಕ್ಕೆಯಂಥ ಕೊಕ್ಕು. ಅವನು ಗಿಡುಗ.

“ನಿನ್ನೊಬ್ಬಳಿಗೇ ಹೇಳುತ್ತೇನೆ ಕೇಳು,” ಎಂದು ಪಿಸುಗುಟ್ಟಿದ. “ನಿನ್ನ ಎರಡು ಮರಿಗಳನ್ನು ಮುಟ್ಟುವುದಿಲ್ಲ. ಇವತ್ತೂ ಇಲ್ಲ, ನಾಳೆಯೂ ಇಲ್ಲ. ನೀನು ಸುಮ್ಮನಿರಬೇಕು, ಅಷ್ಟೇ.”

ಬೂದವ್ವ ಗೂಡಿನ ಕಡೆ ನೋಡಿದಳು. ಒಂದರ ಬೆನ್ನಿನ ಮೇಲೆ ಇನ್ನೊಂದು ಕತ್ತಿಟ್ಟು ಮಲಗಿತ್ತು. ಸುಮ್ಮನಿದ್ದರೆ ಅವೆರಡೂ ಉಳಿಯುತ್ತವೆ.

ಮೇಲಿನ ಕೊಂಬೆಯಲ್ಲಿ ಪಿಕಳಾರಮ್ಮ ಉಳಿದ ಮರಿಗೆ ಹಣ್ಣು ತಿನ್ನಿಸುತ್ತಿದ್ದಳು. ಕತ್ತೆತ್ತಿ ಯಾರನ್ನೂ ನೋಡುತ್ತಿರಲಿಲ್ಲ.

“ಕೇಳಿದಿರಾ!” ಎಂದು ಬೂದವ್ವ ಅರಚಿದಳು. “ಇವನು ಗಿಡುಗ! ನಿಮ್ಮ ಮರಿಗಳನ್ನು ತಿಂದವನು ಇವನೇ! ನನ್ನವೆರಡನ್ನು ಬಿಡುತ್ತಾನಂತೆ, ನಿಮ್ಮವನ್ನು ತಿನ್ನುವಾಗ ನಾನು ಸುಮ್ಮನಿರಬೇಕಂತೆ! ಇರೋದಿಲ್ಲ! ಹೋಗೋ!”

ಕೇರಿಯ ತಲೆಗಳೆಲ್ಲ ಒಟ್ಟಿಗೆ ಹೊರಬಂದವು. ಗಿಡುಗನ ದನಿ ಬದಲಾಯಿತು.

“ಸರಿ. ನಾಳೆ ಮೊದಲು ನಿನ್ನ ಗೂಡು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬರುತ್ತೇನೆ. ಸೂರ್ಯನ ಕಡೆ ನೋಡುವ ಕಣ್ಣು ಈ ಲೋಕದಲ್ಲಿ ಇನ್ನೂ ಹುಟ್ಟಿಲ್ಲ.”

“ನಾಳೆ ಹುಟ್ಟುತ್ತೆ ಬಾ,” ಎಂದಳು ಬೂದವ್ವ.

ಗಿಡುಗ ಹೋದ. ಬೂದವ್ವ ಲೆಕ್ಕ ಹಾಕಿದಳು. ಕಾವಲು ಕೂತರೆ ಮರಿಗಳಿಗೆ ಹುಳು ತರುವವರಿಲ್ಲ. ಹುಳು ತರಲು ಹೋದರೆ ಕಾವಲಿಲ್ಲ. ಒಂದು ಹಕ್ಕಿಯ ಕೆಲಸವಲ್ಲ ಇದು.

ಗಾಳಿ ಬಂದು ಪಕ್ಕದಲ್ಲಿ ನಿಂತಿತು. “ನನ್ನ ಮೇಲಿನ ಅಪವಾದ ತೆಗೆದೆ ನೀನು. ಏನು ಬೇಕು ಹೇಳು.”

“ಹೊಳೆಯ ಆಚೆ ನನ್ನ ಆರು ಜನ ಅಕ್ಕತಂಗಿಯರಿದ್ದಾರೆ. ಒಬ್ಬೊಬ್ಬಳೂ ಒಂದೊಂದು ಪೊದೆಯಲ್ಲಿ. ಎಲ್ಲರನ್ನೂ ಕರೆ.”

ಸಂಜೆಯ ಹೊತ್ತಿಗೆ ಆರೂ ಜನ ಕುಪ್ಪಳಿಸುತ್ತ ಬಂದರು. ದೊಡ್ಡಕ್ಕನ ಬಾಯಿ ಹೊಳೆ ದಾಟುವ ಮೊದಲೇ ಶುರುವಾಗಿತ್ತು.

“ಮೂರು ಮಳೆಗಾಲ ಆಯ್ತು, ಒಂದು ಸಲ ಬಾ ಅಂದವಳಲ್ಲ. ಜೀವಕ್ಕೆ ಬಂದಾಗ ಅಕ್ಕ ನೆನಪಾದಳಾ?”

“ತಪ್ಪಾಯ್ತಕ್ಕ. ನಾಳೆ ಬೈಯುವಿಯಂತೆ.”

“ನಾಳೆ ತನಕ ಯಾಕೆ? ಬೈತಾನೇ ಕೆಲಸ ಮಾಡ್ತೀನಿ. ಮರಿ ಎಲ್ಲಿ? ಅಯ್ಯೋ, ಎಷ್ಟು ಬಡಕಲು! ಏನು ತಿನ್ನಿಸ್ತೀಯೇ ಇವಕ್ಕೆ?”

ಬೈಯುತ್ತಲೇ ದೊಡ್ಡಕ್ಕ ಒಂದು ಮಿಡತೆ ಹಿಡಿದು ತಂಗಿಯ ಮರಿಯ ಬಾಯಿಗಿಟ್ಟಳು. ಉಳಿದವರೂ ಒಣಎಲೆ ಕೆದಕಿದರು. ಆ ಸಂಜೆಯೇ ಒಂದು ಕಟ್ಟಳೆಯಾಯಿತು. ಆರು ಜನ ಕೆಳಗೆ, ಒಬ್ಬಳು ಮೇಲೆ. ಕೆಳಗಿನವರು ತಿನ್ನಬೇಕು, ತಿನ್ನಿಸಬೇಕು. ಮೇಲಿನವಳು ನೋಡಬೇಕು. ಆಮೇಲೆ ಸರದಿ ಬದಲು.

ಮೊದಲ ಸರದಿ ಬೂದವ್ವನದು.

ಮೂಡಣ ಕೆಂಪಾಗುವಾಗ ಅವಳು ತುದಿಕೊಂಬೆಗೆ ಹತ್ತಿದಳು. ಸೂರ್ಯ ಎದ್ದ. ಎಲ್ಲರೂ ಕಣ್ಣು ತಗ್ಗಿಸಿದರು, ಬೂದವ್ವ ತಗ್ಗಿಸಲಿಲ್ಲ.

“ಯಾಕಮ್ಮ ಹೀಗೆ ನೋಡುತ್ತೀ? ಸುಡುತ್ತದೆ,” ಎಂದ ಸೂರ್ಯ.

“ನಿನ್ನನ್ನು ನೋಡುತ್ತಿಲ್ಲಪ್ಪ. ನಿನ್ನ ಬೆಳಕಲ್ಲಿ ಬಚ್ಚಿಟ್ಟುಕೊಂಡು ಬರುವವನನ್ನು ನೋಡುತ್ತಿದ್ದೇನೆ.”

ಕಣ್ಣಲ್ಲಿ ನೀರು ಸುರಿಯಿತು. ಬಿಸಿಲಿಗೆ ಹಾಕಿದ ಬಟ್ಟೆಯಂತೆ ಕಣ್ಣಿನ ಕಪ್ಪು ಬಣ್ಣ ಸ್ವಲ್ಪ ಸ್ವಲ್ಪವೇ ಮಾಸಿತು. ಅವಳು ನೋಡುತ್ತಲೇ ಇದ್ದಳು. ಹೊತ್ತು ಒಂದು ಮಾರು ಏರಿತು. ಎರಡು ಮಾರು ಏರಿತು.

ಬೆಳಕಿನ ನಟ್ಟನಡುವೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ.

“ಬಂದ! ಬಂದ! ಬಂದ!”

ಆರು ಜನ ಓಡಲಿಲ್ಲ. ಮೇಲೆ ಹಾರಿದರು. ಗಿಡುಗ ಬಾಣದಂತೆ ಇಳಿದ. ಆದರೆ ಎದುರಿಗೆ ಎರಡು ಮರಿ ಇರಲಿಲ್ಲ, ಏಳು ಕೊಕ್ಕು ಇದ್ದವು. ಒಬ್ಬಳು ಬಾಲ ಹಿಡಿದಳು. ಒಬ್ಬಳು ಬೆನ್ನು ಕುಕ್ಕಿದಳು. ದೊಡ್ಡಕ್ಕ ನೆತ್ತಿಗೇ ಹಾಕಿದಳು.

“ಯಾರ ಮರಿ ಅಂದುಕೊಂಡೆಯೋ? ನನ್ನ ತಂಗೀದು!”

ಅಳಿಲು ಬಾಲ ಬಡಿದು ಚಿಂವ್ ಚಿಂವ್ ಎಂದಿತು. ಗೊರವಂಕ ಹೊರಬಂದ. ಪಿಕಳಾರಮ್ಮ ಹೊರಬಂದಳು. ಮೆತ್ತನೆ ಬೆಳವ ಕೂಡ ರೆಕ್ಕೆ ಬಡಿಯುತ್ತ ಬಂದ. “ನೀವೊಬ್ಬರು ಇನ್ನೂ ಕೂತಿದ್ದೀರಲ್ಲ!” ಎಂದು ಗೌಡತಿ ಸೀಳಿನಿಂದ ಗದರಿದಳು. ಗೌಡರೂ ದೊಡ್ಡ ಕೊಕ್ಕು ಮುಂದೆ ಮಾಡಿಕೊಂಡು ಹಾರಿದರು.

ಗಿಡುಗ ಎರಡು ಗರಿ ಉದುರಿಸಿಕೊಂಡು ಬೆಟ್ಟದ ಕಡೆ ತಿರುಗಿದ.

“ಮತ್ತೆ ಬರುತ್ತೇನೆ!” ಎಂದ.

“ಬಾ,” ಎಂದಳು ಬೂದವ್ವ. “ನಾವೂ ಇರುತ್ತೇವೆ.”

ಗದ್ದಲ ಇಳಿದ ಮೇಲೆ ಅವಳು ನೀರು ಕುಡಿಯಲು ಹೊಳೆಗೆ ಹೋದಳು. ಅಲ್ಲಿ ಯಾರೂ ನೋಡದಾಗ, ಹೋದ ಮರಿಗಾಗಿ ಅತ್ತಳು. ಹೊಳೆ ಸುಮ್ಮನೆ ಕಾದು ನಿಂತಿತು. ಆಮೇಲೆ ಅವಳ ಮುಖವನ್ನು ಅವಳಿಗೇ ತೋರಿಸಿತು. ಕಣ್ಣು ಬೆಳ್ಳಗಾಗಿದ್ದವು.

“ನನ್ನಲ್ಲಿ ಕಪ್ಪು ಮಣ್ಣಿದೆ,” ಎಂದಿತು ಹೊಳೆ. “ಕಣ್ಣಿಗೆ ಹಚ್ಚಿಕೊಡಲೇ? ಮೊದಲಿನಂತಾಗುತ್ತೆ.”

“ಬೇಡ,” ಎಂದಳು ಬೂದವ್ವ. “ಹೀಗೇ ಇರಲಿ. ನಾವು ನೋಡುತ್ತಿದ್ದೇವೆ ಅಂತ ಅವನಿಗೆ ದೂರದಿಂದಲೇ ತಿಳಿಯಲಿ.”

ಅಕ್ಕತಂಗಿಯರು ಹೊಳೆಯ ಆಚೆಗೆ ವಾಪಸು ಹೋಗಲಿಲ್ಲ. ಒಬ್ಬೊಬ್ಬಳೂ ಸರದಿಯಂತೆ ತುದಿಕೊಂಬೆ ಹತ್ತಿದಳು. ಒಬ್ಬೊಬ್ಬಳ ಕಣ್ಣೂ ಬೆಳ್ಳಗಾಯಿತು. ದೊಡ್ಡಕ್ಕ ಬೈಯುವುದನ್ನೂ ನಿಲ್ಲಿಸಲಿಲ್ಲ. ಎಲ್ಲರೂ ಅವರನ್ನು ಹರಟೆಮಲ್ಲರು ಎಂದು ಕರೆದರು. ಅವರು “ಹೌದು, ಏನೀಗ?” ಎಂದರು.

ಅದಕ್ಕೇ ಮಗೂ, ಇವತ್ತಿಗೂ ನಿಮ್ಮ ಹಿತ್ತಿಲಲ್ಲಿ ಐದಾರು ಹರಟೆಮಲ್ಲ ಹಕ್ಕಿಗಳು ಕಿತ್ತಾಡುತ್ತ ಒಣಎಲೆ ಕೆದಕುತ್ತಿದ್ದರೆ, ತಲೆಯೆತ್ತಿ ನೋಡು: ಮೇಲಿನ ಕೊಂಬೆಯಲ್ಲಿ ಬೆಳ್ಳನೆ ಕಣ್ಣಿನ ಇನ್ನೊಂದು ಹಕ್ಕಿ, ಹಸಿವಾದರೂ ಕೆಳಗಿಳಿಯದೆ, ಆಕಾಶವನ್ನು ದುರುಗುಟ್ಟಿ ನೋಡುತ್ತಿರುತ್ತದೆ.