ಕೆಂಚವ್ವನ ಹೆಬ್ಬಾಗಿಲು

ಬೆಳಗ್ಗೆ ಕೆಂಚವ್ವನ ಮನೆಯ ಮುಂಗೋಡೆ ಬಿತ್ತು. ಮಧ್ಯಾಹ್ನ ತೆರಿಗೆಯ ಪಾರುಪತ್ಯಗಾರ ಸೋಮರಸಯ್ಯ ಬಂದ.

ಗೋಡೆ ಇದ್ದ ಜಾಗ ಈಗ ಬಟಾಬಯಲು. ಕೆಂಚವ್ವ ಒಳಗೆ ಪುರಿ ಹುರಿಯುವುದು ಬೀದಿಗೆಲ್ಲ ಕಾಣುತ್ತಿತ್ತು. ಸೋಮರಸಯ್ಯ ಆಳಿಗೆ ಸನ್ನೆ ಮಾಡಿದ. ಆಳು ಒಂದು ಜೊತೆ ಎತ್ತು ಹೊಡೆದುಕೊಂಡು ಬಂದ. ಎತ್ತುಗಳು ಅಕ್ಕಪಕ್ಕದಲ್ಲೇ ಸಲೀಸಾಗಿ ಒಳಗೆ ಬಂದವು. ಒಂದು ಪುರಿಗೆ ಬಾಯಿ ಹಾಕಿತು.

"ಹೆಬ್ಬಾಗಿಲು," ಎಂದ ಸೋಮರಸಯ್ಯ.

"ಎಲ್ಲಿ ಬುದ್ಧಿ?" ಕೆಂಚವ್ವ ಹಿಂದೆ ತಿರುಗಿ ನೋಡಿದಳು.

ಕರಿಗುಡ್ಡದಲ್ಲಿ ಮನೆಗಂದಾಯ ಹಾಕುತ್ತಿದ್ದದ್ದು ಬಾಗಿಲು ನೋಡಿ. ಸಣ್ಣ ಬಾಗಿಲಿಗೆ ವರ್ಷಕ್ಕೆ ಒಂದು ಹಣ. ಜೋಡೆತ್ತು ಒಟ್ಟಿಗೆ ಹಾಯುವಂತಿದ್ದರೆ ಅದು ಹೆಬ್ಬಾಗಿಲು. ಅದಕ್ಕೆ ಹತ್ತು ಹಣ. ಕಿಟಕಿಗೆ ಏನೂ ಇಲ್ಲ.

"ಗೋಡೆ ಬಿದ್ದದ್ದು ಬುದ್ಧಿ. ನಾನು ಬಾಗಿಲು ಇಟ್ಟದ್ದಲ್ಲ."

"ಎತ್ತು ಒಳಗೆ ಬಂತೋ ಇಲ್ಲವೋ?"

"ನೀವು ಹೊಡೆಸಿದ್ರಿ, ಬಂತು."

"ಹತ್ತು ಹಣ ಕಟ್ಟು. ತಕರಾರಿದ್ದರೆ ಆಮೇಲೆ ಅರಸರ ಹತ್ತಿರ ಹೇಳಿಕೊ. ಮೊದಲು ಕಟ್ಟಬೇಕು. ಅದು ಪದ್ಧತಿ."

ಕೆಂಚವ್ವನ ಹತ್ತಿರ ಹಣ ಇರಲಿಲ್ಲ. ಸೋಮರಸಯ್ಯ ಒಲೆಯ ಮೇಲಿದ್ದ ಬಾಣಲೆ ಇಳಿಸಿದ.

"ಇದು ಒತ್ತೆಗೆ ಇರಲಿ. ಮುಂದಿನ ಸಂತೆಯೊಳಗೆ ಬಿಡಿಸಿಕೊಳ್ಳದಿದ್ದರೆ ಮಾರಿಬಿಡುತ್ತೇನೆ."

ಅವನ ಮನೆ ಎದುರಿಗೇ. ಬಾಣಲೆ ಬೀದಿ ದಾಟಿ ಹೋಯಿತು. ಅದಿಲ್ಲದೆ ಪುರಿ ಇಲ್ಲ, ಪುರಿ ಮಾರದೆ ಕೆಂಚವ್ವನಿಗೆ ಗಂಜಿ ಇಲ್ಲ. ಅವಳು ನೆಟ್ಟಗೆ ಬೀರಣ್ಣನ ಮನೆಗೆ ನಡೆದಳು.

ಬೀರಣ್ಣ ಅರಸನಿಗೆ ಎಲೆಯಡಿಕೆ ಮಡಿಸಿ ಕೊಡುವವನು. ಕೆಂಚವ್ವನ ಪುರಿಗೆ ಹಳೆಯ ಗಿರಾಕಿ. ಎಲ್ಲ ಕೇಳಿದ.

"ನಾಳೆ ಅರಸರ ಓಲಗಕ್ಕೆ ಬಾರವ್ವ. ನಾನು ಏನಂದರೂ ಹೂಂ ಅನ್ನು."

ಮರುದಿನ ಓಲಗದಲ್ಲಿ ಬೀರಣ್ಣ ಎದ್ದು ನಿಂತ.

"ಪ್ರಭು, ಕೆಂಚವ್ವನಿಗೆ ಕಂದಾಯದ ಮೇಲೆ ತಕರಾರಿಲ್ಲ. ಅದು ಹೆಬ್ಬಾಗಿಲೇ."

ಕೆಂಚವ್ವ ತಿರುಗಿ ಬೀರಣ್ಣನ ಮುಖ ನೋಡಿದಳು. ಆದರೂ "ಹೂಂ" ಎಂದಳು.

"ಹೆಬ್ಬಾಗಿಲು ಇರುವವರಿಗೆ ಅರಮನೆಯಿಂದ ಇಬ್ಬರು ಕಾವಲಿನವರನ್ನು ಕೊಡುವುದು ತಮ್ಮ ಅಜ್ಜನವರ ಕಾಲದ ಮರ್ಯಾದೆ. ಅದು ಈಕೆಗೆ ಬಂದಿಲ್ಲ."

"ಹೌದಲ್ಲ," ಎಂದ ಅರಸ ಮಲ್ಲರಸ. "ಕೊಡೋಣ."

"ಎದುರುಮನೆ ಸೋಮರಸಯ್ಯನವರಿಗೂ ಇಬ್ಬರನ್ನು ಕೊಡಬೇಕು. ಅವರದು ಇನ್ನೂ ಅಗಲ."

ಸೋಮರಸಯ್ಯ ಮೀಸೆ ತಿರುವಿದ.

"ನನ್ನ ಮನೆಗೆ ಬಾಗಿಲೇ ಇಲ್ಲ ಪ್ರಭು. ಇದ್ದ ಜಾಗದಲ್ಲಿ ಮೊಣಕಾಲೆತ್ತರ ಕಲ್ಲು ಕಟ್ಟಿಸಿದ್ದೇನೆ. ಈಗ ಅದು ಕಿಟಕಿ. ದಾಟಿಕೊಂಡು ಓಡಾಡುತ್ತೇವೆ. ಕರಿಗುಡ್ಡದಲ್ಲಿ ಬಾಗಿಲಿಲ್ಲದ ಮನೆ ನನ್ನದೊಂದೇ."

ಅರಸ ತೊಡೆ ತಟ್ಟಿ ನಕ್ಕ. "ಭಲೇ! ಜಾಣ ಕಣಯ್ಯ ನೀನು. ಕಿಟಕಿಯೇ ಸರಿ."

"ಅರಸರೇ ಒಪ್ಪಿದ ಮೇಲೆ ಕಿಟಕಿಯೇ," ಎಂದ ಬೀರಣ್ಣ. "ಕಾವಲಿನವರಿಗೂ ಹಾಗೇ ಹೇಳುತ್ತೇನೆ."

ಕೆಂಚವ್ವ ಮನೆಗೆ ಬಂದು ಖಾಲಿ ಒಲೆಯ ಮುಂದೆ ಕೂತಳು. ಬಾಣಲೆ ಕೇಳಲು ಹೋದವಳು ಇಬ್ಬರು ಗಂಡಸರನ್ನು ತಂದಿದ್ದಳು. ಅವರು ಈಟಿ ಹಿಡಿದು ಗೋಡೆ ಬಿದ್ದ ಜಾಗದ ಎರಡು ಕಡೆ ನಿಂತಿದ್ದರು. ಪರವೂರಿನವರು, ನಿನ್ನೆ ಕೆಲಸಕ್ಕೆ ಸೇರಿದವರು. ಬೀರಣ್ಣನೇ ಆರಿಸಿ ಕಳಿಸಿದ್ದ.

ಊಟದ ಹೊತ್ತಿಗೆ ಸೋಮರಸಯ್ಯ ಎದುರಿನ ತನ್ನ ಮನೆಗೆ ಬಂದ. ಪಂಚೆ ಎತ್ತಿ ಕಟ್ಟಿ ಕಲ್ಲಿನ ಆಚೆಗೆ ಒಂದು ಕಾಲು ಹಾಕಿದ. ಇನ್ನೊಂದು ಕಾಲನ್ನು ಕಾವಲಿನವರು ಬೀದಿ ದಾಟಿ ಓಡಿಬಂದು ಹಿಡಿದುಕೊಂಡರು.

"ಬಿಡ್ರೋ! ಇದು ನನ್ನ ಮನೆ!"

"ಸ್ವಂತ ಮನೆಗೆ ಯಾರಾದರೂ ಕಿಟಕಿಯಲ್ಲಿ ನುಗ್ಗುತ್ತಾರೇನಯ್ಯ?"

"ನಾನು ಪಾರುಪತ್ಯಗಾರ ಕಣ್ರೋ!"

"ಹಿಂದಿನ ಊರಲ್ಲಿ ಸಿಕ್ಕ ಕಳ್ಳ ತಾನು ಪುರೋಹಿತ ಅಂದಿದ್ದ."

ಸೋಮರಸಯ್ಯ ಕಲ್ಲಿನ ಮೇಲೆ ಸವಾರಿ ಕೂತಂತೆ ಕೂತು ಕೂಗಿದ. "ಕೆಂಚವ್ವಾ! ಇವರಿಗೆ ಹೇಳೇ!"

"ಏನು ಹೇಳಲಿ ಬುದ್ಧಿ? ಅರಸರೇ ಕಿಟಕಿ ಅಂದರು."

ಒಬ್ಬ ಕಾವಲಿನವನು ಒಳಗೆ ಇಣುಕಿದ. "ಇಷ್ಟು ದೊಡ್ಡ ಬಾಣಲೆ ಇದೆಯಲ್ಲ, ಯಾರದು?"

"ನಂದು," ಎಂದಳು ಕೆಂಚವ್ವ.

ಅಷ್ಟು ಸಾಕಾಯಿತು. ಸೋಮರಸಯ್ಯನ ಕೈಗೆ ಹಗ್ಗ ಬಿತ್ತು, ಬಾಣಲೆ ಅವನ ತಲೆಯ ಮೇಲೆ ಬಂತು. ಹಾಗೇ ಅರಮನೆಯ ಅಂಗಳಕ್ಕೆ ನಡೆಸಿದರು. ಕೆಂಚವ್ವ ಬಾಣಲೆಯ ಮೇಲೆ ಕಣ್ಣಿಟ್ಟು ಹಿಂದೆ ಹೋದಳು.

ಅರಸ ನೋಡಿದ. ಬೀರಣ್ಣನ ಕಡೆ ತಿರುಗಿದ.

"ಕಿಟಕಿಯಲ್ಲಿ ಇಳಿದವನಿಗೆ ಏನು ಶಿಕ್ಷೆ, ಬೀರಣ್ಣ?"

"ಸಂತೆಯಲ್ಲಿ ನಿಲ್ಲಿಸಿ ಐವತ್ತು ಛಡಿ, ಪ್ರಭು. ಬಾಗಿಲಲ್ಲಿ ಹೋದವನಿಗೆ ಏನೂ ಇಲ್ಲ."

"ಏನಯ್ಯ ಸೋಮರಸಯ್ಯ, ಅದು ಕಿಟಕಿಯೋ, ಬಾಗಿಲೋ?"

ಸೋಮರಸಯ್ಯ ಅಂಗಳದಲ್ಲಿ ಛಡಿ ಹಿಡಿದು ನಿಂತಿದ್ದವನ ತೋಳು ನೋಡಿದ.

"ಬಾಗಿಲು, ಪ್ರಭು."

"ಸಣ್ಣದೋ, ದೊಡ್ಡದೋ?"

"ಸಣ್ಣ..."

"ಆ ಜೋಡೆತ್ತು ಹೊರಗೇ ನಿಂತಿವೆ, ಪ್ರಭು," ಎಂದ ಬೀರಣ್ಣ. "ಕಲ್ಲು ಕೀಳಿಸಿ ಹೊಡೆದುಕೊಂಡು ಹೋಗಲೇ?"

"ಎತ್ತು ಬೇಡ," ಎಂದ ಸೋಮರಸಯ್ಯ. "ಹೆಬ್ಬಾಗಿಲೇ."

ಅರಸನಿಗೆ ನಗು ತಡೆಯಲಿಲ್ಲ. ಕಲ್ಲು ಕಟ್ಟಿಸಿದ ವರ್ಷದಿಂದ ಹಿಡಿದು ಅಷ್ಟೂ ಕಂದಾಯ ಕಟ್ಟಲು ಹೇಳಿದ. ಆಮೇಲೆ ಕೆಂಚವ್ವನ ಕಡೆ ತಿರುಗಿದ.

"ನಿನಗೆ ಹೆಬ್ಬಾಗಿಲು ಬೇಕೇನವ್ವ?"

"ಬೇಡ ಬುದ್ಧಿ. ಗೋಡೆ ಸಾಕು."

ಸೋಮರಸಯ್ಯ ಕಟ್ಟಿದ ಹಣದಲ್ಲಿ ಗೋಡೆ ಎದ್ದಿತು. ಅದಕ್ಕೆ ಒಂದು ಸಣ್ಣ ಬಾಗಿಲು. ಕೆಂಚವ್ವ ಬಾಣಲೆ ಒಲೆಯ ಮೇಲಿಟ್ಟಳು. ಕಾವಲಿನವರು ಬೀದಿ ದಾಟಿ ಎದುರುಮನೆಯ ಮುಂದೆ ನಿಂತರು.