ಗೌಡರಿಗೆ ನೆನಪಾದ ಬಾವಿ

ಹೂ ಮಾರುವ ಫಕೀರವ್ವನ ಹಿತ್ತಲ ಬಾವಿಯ ಮೇಲೆ ಊರ ವೀರನಗೌಡರ ಕಣ್ಣು ಬಿದ್ದಿತ್ತು. ಕೊನೆಗೊಂದು ದಿನ ಅವರು ಪಟ್ಟಣದ ಸಮ್ಮೋಹನ ಪಂಡಿತನನ್ನು ಕರೆಸಿ, ಬಾವಿ ತಮ್ಮದೆಂದು ಬಾಲ್ಯದ ನೆನಪಿನಿಂದ ಸಾಬೀತು ಮಾಡಲು ಪಂಚರ ಮುಂದೆಯೇ ಮಂಪರಿಗೆ ಜಾರಿದರು.

"ಗೌಡ್ರ, ನಿಮಗೀಗ ಐದು ವರ್ಷ. ಆ ಬಾವಿ ತೋಡಿಸಿದ್ದು ನಿಮ್ಮಜ್ಜ ಅಲ್ಲೇನ್ರಿ?" ಎಂದ ಪಂಡಿತ.

"ಹೌದು! ಕಣ್ಣಾರೆ ಕಾಣಾಕತ್ತೈತಿ!"

ಪಂಚರು ತಲೆದೂಗಿದರು. ಬಾವಿ ಹೋದರೆ ಮಲ್ಲಿಗೆ ಬಳ್ಳಿ ಒಣಗಿದಂತೆಯೇ. ಫಕೀರವ್ವ ಕೈಮುಗಿದು, "ನಾನೂ ಒಂದು ಮಾತು ಕೇಳ್ಲೇನ್ರಿ?" ಎಂದಳು. ಪಂಚರು ಒಪ್ಪಿದರು.

"ಗೌಡ್ರ, ಅವತ್ತು ನಿಮ್ಮಜ್ಜಾರು ಆನಿ ಮ್ಯಾಲೆ ಬಂದಿದ್ರಲ್ರಿ?"

"ಬಂದಿದ್ದ! ಆನಿ ಕೊರಳಾಗ ದೊಡ್ಡ ಗಂಟಿ ಇತ್ತು!"

"ಬಾವಿ ನಮ್ಮಪ್ಪಗ ದಾನ ಕೊಟ್ರಲ್ರಿ?"

"ಕೊಟ್ಟ! ನಾನ ಚಪ್ಪಾಳಿ ಹೊಡದೆ!"

ಪಂಡಿತ ಬೆವೆತು ಗಡಬಡಿಸಿ ಗೌಡರನ್ನು ಎಬ್ಬಿಸಿದ. ಮಂಪರಿನಲ್ಲಿ ತಾವಾಡಿದ ಮಾತನ್ನು ಪಂಚರಿಂದ ಕೇಳಿ ಗೌಡರು ಕೆಂಡವಾದರು.

"ಸುಳ್ಳು! ಈ ಊರಿಗೆ ಆನಿ ಯಾವತ್ತ ಬಂದೈತಿ?"

ಫಕೀರವ್ವ ಸೆರಗು ಸರಿಪಡಿಸಿಕೊಂಡಳು. "ಆನಿ ಬಂದಿದ್ದು ಖರೇ ಆದ್ರ ಬಾವಿ ದಾನ ಕೊಟ್ಟಿದ್ದೂ ಖರೇ ಆತ್ರಿ. ಆನಿ ಬಂದಿಲ್ಲಂದ್ರ, ನಿಮ್ಮಜ್ಜ ಬಾವಿ ತೋಡಿಸಿದ್ದೂ ಬರೇ ಕನಸಾತ್ರಿ. ಯಾವುದು ಬೇಕೋ ನೀವ ಆರಿಸ್ಕೋರಿ, ಗೌಡ್ರ."